ಹದಿನೇಳನೇ ಪ್ರಶ್ನೆ

ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಕೊನೆಯ ವರ್ಷದ ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಮೌನ. ಬರೆಯುತ್ತ ಬರೆಯುತ್ತ ಅದು ನೂರಾ ನಲವತ್ತು ಪುಟವಾಯಿತು. ಮಾರ್ಗದರ್ಶಕರು ಕಟ್ಟನ್ನು ಅಂಗೈಯಲ್ಲಿ ತೂಗಿ ನೋಡಿ, "ಕಲ್ಲೇಶ, ಮೌನದ ಬಗ್ಗೆ ಇಷ್ಟ ಮಾತಾಡಬಾರದೋ" ಎಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಒಂದು ವಾರ ಖುಷಿಯಲ್ಲಿದ್ದೆ.

ಆಮೇಲೆ ಎರಡು ವರ್ಷ ಕೆಲಸವಿರಲಿಲ್ಲ. ಮನೆಯವರು ಅದನ್ನು ನಿರುದ್ಯೋಗ ಎನ್ನುತ್ತಿದ್ದರು. ನಾನು ಅಂತರ್ಮುಖತೆ ಎನ್ನುತ್ತಿದ್ದೆ. ಮಧ್ಯಾಹ್ನವೆಲ್ಲ ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಿದ್ದೆ. ಕಿಟಕಿಯ ಆಚೆ ಪಕ್ಕದ ಮನೆಯವರ ನೀರಿನ ಟಾಕಿ ಇತ್ತು. ವಾರಕ್ಕೊಮ್ಮೆ ನಲ್ಲಿಯಲ್ಲಿ ನೀರು ಬಂದಾಗ ಅದು ತುಂಬಿ ಚೆಲ್ಲುತ್ತಿತ್ತು. ಆ ಚೆಲ್ಲುವಿಕೆ ನಿಂತ ಮೇಲಿನ ನಿಶ್ಶಬ್ದದ ಬಗ್ಗೆ ನಾನು ಡೈರಿಯಲ್ಲಿ ಬರೆದಿಡುತ್ತಿದ್ದೆ. "ನಲ್ಲಿ ಬಂದಾಗ ಡೈರಿ ಬರಿಯೂ ಬದ್ಲಿ ನಾಕ ಕೊಡಾ ತುಂಬಿಟ್ರ ನಿನ್ನ ಕೈ ಸವೆತಾವೇನು?" ಎನ್ನುತ್ತಿದ್ದಳು ಅವ್ವ.

ಕಡೆಗೆ ಲಕಮನಹಳ್ಳಿಯ ಒಂದು ಸಂಸ್ಥೆಯಲ್ಲಿ ನನಗೆ ಕೆಲಸ ಸಿಕ್ಕಿತು. ಬರಪೀಡಿತ ಎಂದು ಘೋಷಣೆಯಾದ ಊರುಗಳಲ್ಲಿ ಸರ್ಕಾರದ ಅನುದಾನದಿಂದ ಸಾಮೂಹಿಕ ಹೊಂಡ ತೆಗೆಯಬೇಕಿತ್ತು. ಮಳೆಗಾಲದಲ್ಲಿ ಹಳ್ಳದಲ್ಲಿ ಹರಿದು ಹೋಗುವ ನೀರನ್ನು ಹೊಂಡದಲ್ಲಿ ಹಿಡಿದಿಟ್ಟು, ಮಳೆ ಕೈಕೊಟ್ಟಾಗ ಸುತ್ತಲಿನ ಹೊಲಗಳಿಗೆ ಒಂದು ಸಲವಾದರೂ ಹಾಯಿಸುವುದು ಯೋಜನೆ. ಜಾಗ ಕೊಡುವ ರೈತನಿಗೆ ನೀರಿನ ಮೇಲೆ ಮೊದಲ ಹಕ್ಕು. ಮಾರ್ಚ್ ಮೂವತ್ತೊಂದರೊಳಗೆ ಹೊಂಡವಾಗದಿದ್ದರೆ ಅನುದಾನ ವಾಪಸು. ಅಗೆಯುವ ಮೊದಲು ಜಾಗದ ಮಾಲೀಕರನ್ನೂ ಸುತ್ತಲಿನ ರೈತರನ್ನೂ ಕಂಡು ಒಂದು ಫಾರ್ಮು ತುಂಬಿಸಿಕೊಂಡು ಬರಬೇಕು. ಅದಕ್ಕೆ ನನ್ನಂಥವರು.

ಫಾರ್ಮಿನಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿದ್ದವು. ಮೊದಲಿನವೆಲ್ಲ ಹೆಸರು, ಸರ್ವೆ ನಂಬರು, ಬೆಳೆ ಇತ್ಯಾದಿ. ಹದಿನೇಳನೆಯದು ಮಾತ್ರ ನನಗೆ ಇಷ್ಟವಾದದ್ದು: "ಸೂಚಿತ ಸ್ಥಳದಲ್ಲಿ ಹೊಂಡ ನಿರ್ಮಿಸುವ ಬಗ್ಗೆ ತಮ್ಮ ಅಭಿಪ್ರಾಯ." ಅದರ ಕೆಳಗೆ ಎರಡು ಖಾಲಿ ಸಾಲು. ಸರ್ಕಾರಿ ಕಾಗದದಲ್ಲಿ ಎರಡು ಸಾಲು ಖಾಲಿ ಬಿಟ್ಟಿದ್ದಾರೆಂದರೆ ಅದನ್ನು ಮಾಡಿದವನು ಯಾರೋ ನನ್ನಂಥವನೇ ಇರಬೇಕು ಎನಿಸಿತು.

ಆ ಎರಡು ಸಾಲುಗಳನ್ನು ನಾನು ಹಾಳು ಮಾಡಿದ ಬಗೆ ಹೇಳಲು ನಾಚಿಕೆಯಾಗುತ್ತದೆ. ಬೇರೆಯವರೆಲ್ಲ "ಒಪ್ಪಿಗೆ ಇದೆ" ಎಂದು ಬರೆದು ಮುಂದೆ ಹೋಗುತ್ತಿದ್ದರು. ನಾನು, ರೈತ ಏನೂ ಹೇಳದೆ ದೂರ ನೋಡಿದರೆ "ಮೌನ" ಎಂದು ಬರೆಯುತ್ತಿದ್ದೆ. ಬೀಡಿ ಹಚ್ಚಿದರೆ "ಚಿಂತನಶೀಲ ಮೌನ". ಒಬ್ಬನಿಗೆ ಆಕಳಿಕೆ ಬಂದಿತ್ತು, ಅದನ್ನು "ದಣಿದ ಮೌನ" ಎಂದು ಬರೆದೆ.

ಇನ್ನೂ ಒಂದು ಮಾತನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಪಾಲಿಗೆ ಬಂದ ಅರವತ್ತೆರಡು ಫಾರ್ಮುಗಳಲ್ಲಿ ಇಪ್ಪತ್ತನ್ನು ನಾನು ಹೆಬ್ಬಳ್ಳಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುಳಿತು ತುಂಬಿದೆ. ಬಿಸಿಲು ಬಹಳವಿತ್ತು. ರೈತರೇ ಅಲ್ಲಿಗೆ ಬರುತ್ತಿದ್ದರು, ಕೇಳಿದ್ದಕ್ಕೆ ಹೇಳುತ್ತಿದ್ದರು, ಮಂಡಾಳ ಒಗ್ಗರಣಿ ತಿನ್ನುತ್ತಿದ್ದರು. ಹೊಲ ನೋಡಿದ್ದೇನೆಂದು ಸಹಿ ಮಾಡುವಲ್ಲಿ ಸಹಿ ಮಾಡಿದೆ. ಮೌನದ ಉಪಾಸಕನಿಗೆ ನೆರಳೂ ಬೇಕಿತ್ತು.

ಆದರೆ ಎರೆಕೊಪ್ಪದ ದುರಗವ್ವನ ಹೊಲಕ್ಕೆ ನಾನು ನಿಜವಾಗಿಯೂ ಹೋಗಿದ್ದೆ.

ಎರೆಕೊಪ್ಪ ಹೆಬ್ಬಳ್ಳಿಯಿಂದ ಮುಂದೆ, ಬಸ್ಸು ದಿನಕ್ಕೆ ಎರಡು ಸಲ ಮಾತ್ರ ಹೋಗುವ ಊರು. ಊರಿಗೆ ಮಂಜೂರಾದ ಹೊಂಡ ದುರಗವ್ವನ ಹೊಲದ ತಗ್ಗಿನ ಮೂಲೆಯಲ್ಲಿ ಬರಬೇಕಿತ್ತು. ಹಾಗಾಗಿ ಅವಳ ಫಾರ್ಮು ಉಳಿದವರ ಫಾರ್ಮಿಗಿಂತ ಮುಖ್ಯ. ಫೆಬ್ರವರಿ ಕೊನೆಯ ಒಂದು ಮುಂಜಾನೆ ಬಸ್ಸಿಳಿದು ಮೂರು ಕಿಲೋಮೀಟರು ನಡೆದೆ. ಎರಡೂ ಕಡೆ ಕರಿಯ ಎರೆ ಭೂಮಿ, ಕೊಯ್ದ ಜೋಳದ ಕೂಳೆ, ಮರವೆಂಬುದು ಅಲ್ಲೊಂದು ಇಲ್ಲೊಂದು. ನನಗೆ ಬೇಕಾದ ಭೂದೃಶ್ಯ. ನಡೆಯುತ್ತ ನಡೆಯುತ್ತ ನನ್ನ ಮುಖ ತಾನಾಗಿಯೇ ಗಂಭೀರವಾಯಿತು.

ಹೊಲದ ನಡುವೆ ಸಾರಿಸಿದ ಕಣ. ಅದರಲ್ಲಿ ಬಿಳಿಜೋಳದ ಸಣ್ಣ ರಾಶಿ. ಅರವತ್ತು ದಾಟಿದ ಹೆಂಗಸು ಬುಟ್ಟಿ ಹಿಡಿದು ರಾಶಿಯ ಮುಂದೆ ಮೊಣಕಾಲೂರಿ ಕುಳಿತಿದ್ದಳು. ಅವಳ ಮೈದುನ ಉಳವಪ್ಪ ಚೀಲದ ಬಾಯಿ ಅಗಲಿಸಿ ಹಿಡಿದಿದ್ದ. ಅವಳು ಬುಟ್ಟಿ ತುಂಬುತ್ತಿದ್ದಳು, ಚೀಲಕ್ಕೆ ಸುರಿಯುತ್ತಿದ್ದಳು. ಜೋಳ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ನಾನು ಕಣದೊಳಗೆ ಹೋಗಿ ನಿಂತು ನನ್ನ ಪರಿಚಯ ಹೇಳಿದೆ. ಯೋಜನೆಯ ಬಗ್ಗೆ ಹೇಳಿದೆ. ಫಾರ್ಮಿನ ಮೊದಲ ಹದಿನಾರು ಪ್ರಶ್ನೆಗಳಿಗೆ ಉತ್ತರ ಪಂಚಾಯಿತಿಯಿಂದ ಮೊದಲೇ ಸಿಕ್ಕಿತ್ತು. ನೇರವಾಗಿ ಹದಿನೇಳಕ್ಕೆ ಬಂದೆ. "ಆ ತಗ್ಗಿನ ಮೂಲ್ಯಾಗ ಹೊಂಡ ತೆಗೀಬೇಕಂತ ಐತ್ರಿ. ನಿಮ್ಮ ಅಭಿಪ್ರಾಯ ಏನ್ರಿ?"

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಮೊದಲು ನನ್ನ ಮುಖ, ಆಮೇಲೆ ಬೂಟು. ಏನೂ ಹೇಳಲಿಲ್ಲ. ಉಳವಪ್ಪನೂ ಏನೂ ಹೇಳಲಿಲ್ಲ. ಅವಳು ಅಂಗೈಯನ್ನು ನೆಲದ ಕಡೆ ಮಾಡಿ ಎರಡು ಸಲ ಕೆಳಗೆ ಒತ್ತಿದಳು. ಮತ್ತೆ ಬುಟ್ಟಿ ತುಂಬತೊಡಗಿದಳು.

ನನ್ನ ಮೈ ಜುಮ್ಮೆಂದಿತು. ನೂರಾ ನಲವತ್ತು ಪುಟಗಳಲ್ಲಿ ನಾನು ಹುಡುಕಿದ್ದು ಇಲ್ಲಿ, ಎರೆಕೊಪ್ಪದ ಕಣದಲ್ಲಿ, ಬುಟ್ಟಿ ಹಿಡಿದು ಕುಳಿತಿತ್ತು. ಭೂಮಿಯನ್ನು ತೋರಿಸಿ ಶಾಂತವಾಗಿರು ಎಂದಿದ್ದಾಳೆ ಎಂದುಕೊಂಡೆ. ಭೂಮಿ ಯಾರದೂ ಅಲ್ಲ ಎಂದಿದ್ದಾಳೆ ಎಂದೂ ಅನಿಸಿತು. ಐದು ನಿಮಿಷ ಅಲ್ಲೇ ನಿಂತೆ. ನಂತರ, ಇಂಥ ಘಳಿಗೆಯನ್ನು ಮಾತಿನಿಂದ ಕೆಡಿಸಬಾರದೆಂದು, ಕೈಮುಗಿದು ಹೊರಟುಬಂದೆ. ಬಸ್ಸು ಕಾಯುತ್ತ ಹದಿನೇಳನೇ ಪ್ರಶ್ನೆಯ ಕೆಳಗೆ "ಗಾಢ ಮೌನ" ಎಂದು ಬರೆದೆ. ಒಂದು ಸಾಲು ಉಳಿದಿತ್ತು. ಅದನ್ನು ಬೇಕೆಂದೇ ಖಾಲಿ ಬಿಟ್ಟೆ.

ಆಫೀಸಿನಲ್ಲಿ ನಮ್ಮ ಫಾರ್ಮುಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದವನು ಅಸ್ಫಾಕ. ನನಗಿಂತ ನಾಲ್ಕು ವರ್ಷ ಚಿಕ್ಕವನು, ಕೆಲಸದಲ್ಲಿ ಎಂಟು ವರ್ಷ ಹಿರಿಯನಂತೆ ಇರುತ್ತಿದ್ದ. ಮರುದಿನ ಅವನು ನನ್ನ ಕಟ್ಟನ್ನು ಹಿಡಿದುಕೊಂಡು ಬಂದ.

"ಕಲ್ಲೇಶಣ್ಣ, ಹದಿನೇಳಕ್ಕ ಕಂಪ್ಯೂಟರಿನ್ಯಾಗ ಎರಡ ಬಟನ್ ಅದಾವ. ಸಮ್ಮತಿ, ಅಸಮ್ಮತಿ. ನಿನ್ನ ಚಿಂತನಶೀಲ ಮೌನಾ ಯಾವದ್ರಾಗ ಒತ್ತಲಿ?"

"ಎರಡರಾಗೂ ಬರಂಗಿಲ್ಲ ಅದು" ಎಂದೆ ನಾನು, ಬೇಸರದಿಂದ.

"ಹಂಗಂದ್ರ ಫಾರ್ಮ್ ಮುಂದ ಹೋಗಂಗಿಲ್ಲಣ್ಣ. ಶಶಿಕಾಂತ ಸರ್ ಸಂಜಿಕ್ ಎಲ್ಲಾ ಹೋಗಬೇಕಂದಾರ. ಲಗೂ ಹೇಳು."

ನನಗೆ ಚಹಾದ ಹೊತ್ತಾಗಿತ್ತು. ಬಾಗಿಲ ಹತ್ತಿರ ನಿಂತು, ಪಂಡಿತನ ಧಾಟಿಯಲ್ಲಿ, "ಮೌನಂ ಸಮ್ಮತಿ ಲಕ್ಷಣಂ ಅಂತಾರ ದೊಡ್ಡವರು" ಎಂದೆ. ಅಸ್ಫಾಕ ಗೋಣು ಹಾಕಿದ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಹದಿಮೂರು ಬಗೆಯ ಮೌನಗಳು ಹದಿಮೂರು ಸಮ್ಮತಿಗಳಾಗಿ ಇಲಾಖೆಯನ್ನು ತಲುಪಿದ್ದವು.

ಮಾರ್ಚ್ ಎರಡನೇ ವಾರದಲ್ಲಿ, ಒಂದು ಗುರುವಾರ, ದುರಗವ್ವ ಲಕಮನಹಳ್ಳಿಗೆ ಬಂದಳು.

ಎರಡು ಬಸ್ಸು ಬದಲಿಸಿ, ಕಾರ್ಖಾನೆಗಳ ನಡುವೆ ನಮ್ಮ ಆಫೀಸನ್ನು ಕೇಳಿಕೊಂಡು ಬಂದಿದ್ದಳು. ಕೈಯಲ್ಲಿ ನೋಟೀಸು. "ತಮ್ಮ ಸಮ್ಮತಿಯ ಮೇರೆಗೆ" ಸೋಮವಾರದಿಂದ ಅಗೆತ ಶುರುವಾಗುವುದೆಂದು ಅದರಲ್ಲಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು ಕೂರುವ ಮೊದಲೇ ಮಾತು ಶುರು ಮಾಡಿದಳು. ಮೌನಿ ಎಂದು ನಾನು ತಿಳಿದಿದ್ದ ಹೆಂಗಸಿನ ದನಿ ಪಕ್ಕದ ಕಾರ್ಖಾನೆಯವರೆಗೆ ಕೇಳುವಂತಿತ್ತು.

"ಯಾರ್ರೀ ಇಲ್ಲೆ ದೊಡ್ಡವರು? ನಾ ಯಾವಾಗ ಹೂಂ ಅಂದೇನ್ರಿ? ಯಾರ ಮುಂದ ಅಂದೇನಿ? ಕರೀರಿ ಅವನ್ನ, ನನ್ನ ಮುಂದ ಅನ್ನಲಿ!"

ನಮ್ಮ ಯೋಜನೆಯ ಉಸ್ತುವಾರಿ ಶಶಿಕಾಂತ ಸರ್ ಎದ್ದು ಕುರ್ಚಿ ಕೊಟ್ಟರು. ಸಿವಿಲ್ ಎಂಜಿನಿಯರು, ಸೌಮ್ಯ ಮನುಷ್ಯ. ಮಾರ್ಚ್ ತಿಂಗಳಲ್ಲಿ ಮಾತ್ರ ಅವರ ಬಲಗಣ್ಣು ಅದುರುತ್ತಿತ್ತು. "ಕುಂದರ್ರಿ ಅವ್ವಾರ. ನೀರ ಕುಡೀರಿ. ನಮ್ಮ ಹುಡುಗ ನಿಮ್ಮ ಕಡೆ ಬಂದಿದ್ದನಲ್ರಿ?"

"ಬಂದಿದ್ದ ನೋಡ್ರಿ ಒಬ್ಬಾವ! ಗಡ್ಡಾ ಬಿಟ್ಟಾವ. ಕಾಶಿಗೆ ಹೊಂಟಾವ್ರಂಗ ಮಾರಿ ಮಾಡಿದ್ದ. ಬೂಟ ಹಾಕ್ಕೊಂಡ ನಟ್ಟನಡುವ ಕಣದಾಗ ಬಂದ ನಿಂತಿದ್ರಿ ಅದು!"

ಅಸ್ಫಾಕ ನಿಧಾನವಾಗಿ ತಿರುಗಿ ನನ್ನನ್ನು ನೋಡಿದ. ನಾನು ಅವನ ಕಂಪ್ಯೂಟರಿನ ಹಿಂದೆ ಬಗ್ಗಿ ಯಾವುದೋ ವಯರು ಸರಿಪಡಿಸುವವನಂತೆ ಕುಳಿತಿದ್ದೆ. ನನಗೆ ವಯರುಗಳ ಬಗ್ಗೆ ಏನೂ ಗೊತ್ತಿಲ್ಲ.

"ಕಲ್ಲೇಶ, ಹೊರಗ ಬಾ" ಎಂದರು ಶಶಿಕಾಂತ ಸರ್.

ಬಂದೆ. ದುರಗವ್ವ ನನ್ನ ಮುಖ ನೋಡಿದಳು, ಆಮೇಲೆ ಕಾಲು. ಆ ದಿನವೂ ಬೂಟು ಹಾಕಿದ್ದೆ.

"ಇವನ ನೋಡ್ರಿ! ಏನೋ ತಮ್ಮಾ, ನಾ ಏನಂದೆ ನಿನಗ?"

"ಏನೂ ಅನ್ನಲಿಲ್ರಿ ನೀವು" ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಎಂ.ಎ. ಒಳಗಿನಿಂದ ಎದ್ದು ಬಂತು. "ನಿಮ್ಮ ಆ ಮೌನದಾಗ ನನಗ ಒಂದ ಥರದ ಸ್ವೀಕಾರ ಕಂಡಿತ್ರಿ."

"ಏನ ಕಂಡ್ತು?"

"ಸ್ವೀಕಾರ್ರಿ."

ಅವಳು ಶಶಿಕಾಂತ ಸರ್ ಕಡೆ ತಿರುಗಿ, "ಈ ಹುಡುಗ ಆರಾಮ ಅದಾನಿಲ್ರಿ?" ಎಂದಳು. ಅಸ್ಫಾಕ ಕೆಮ್ಮುವ ನೆಪ ಮಾಡಿಕೊಂಡು ಹೊರಗೆ ಹೋದ.

"ರಾಶಿ ಅಳಿಯಾಕತ್ತಿದ್ದೆ ನಾ" ಎಂದಳು ದುರಗವ್ವ, ಈಗ ಸಣ್ಣ ಮಗುವಿಗೆ ಹೇಳುವಂತೆ. "ರಾಶಿ ಅಳಿಯೂಮುಂದ ಬಾಯಿ ಬಿಡ್ತಾರೇನೋ? ಮಾತಾಡಿದ್ರ ಹುಲುಸ ಹೋಗತೈತಿ, ರಾಶಿ ಕಡಿಮಿ ಬೀಳತೈತಿ. ನಮ್ಮತ್ತಿ ಕಾಲದಿಂದ ಹಂಗ. ಈಗ ಮಶಿನ್ಯಾಗ ಒಕ್ಕಿಸ್ತೇವಿ, ಆದ್ರೂ ಅಳಿಯೂದು ಬಾಯಿ ಮುಚ್ಚಿ. ಕುಂದ್ರು, ಮುಗದ ಮ್ಯಾಲ ಹೇಳ್ತೇನಿ ಅಂತ ಕೈ ಮಾಡಿ ತೋರಿಸಿದೆ. ಹಿಂಗ, ಹಿಂಗ." ಅಂಗೈಯನ್ನು ಎರಡು ಸಲ ಕೆಳಗೆ ಒತ್ತಿ ತೋರಿಸಿದಳು. "ಕಡೀ ಬುಟ್ಟಿ ಸುರುವಿ ತಲಿ ಎತ್ತಿ ನೋಡ್ತೇನಿ, ಇವ ಕೈ ಮುಗದ ಹೊಂಟಾನ! ಉಳವಪ್ಪ ಒದರಿದ, ಏ ತಮ್ಮಾ, ಏ ಸಾಹೇಬಾ ಅಂತ. ತಿರುಗಿ ನೋಡಲಿಲ್ಲ ಭಾಡ್ಯಾ."

ಕೂಗು ನನಗೆ ಕೇಳಿಸಿತ್ತು. ಯಾರೋ ಎತ್ತನ್ನು ಕರೆಯುತ್ತಿದ್ದಾರೆ ಎಂದುಕೊಂಡಿದ್ದೆ.

ನನ್ನ ಅಜ್ಜ ಗರಗ ಎಂಬ ಊರಿನ ರೈತ. ಅವನ ಕಣದಲ್ಲಿ ಮೊದಲ ಬುಟ್ಟಿಗೆ "ಒಂದು" ಎನ್ನದೆ "ಲಾಭ" ಎನ್ನುತ್ತಿದ್ದರು, ಆಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ನಾನು ಐದು ವರ್ಷದವನಿದ್ದಾಗ ನಡುವೆ ನೀರು ಕೇಳಿ ಏಟು ತಿಂದಿದ್ದೆ. ನನ್ನ ಪ್ರಬಂಧದಲ್ಲಿ ಮೌನಕ್ಕೆ ಏಳು ವಿಭಾಗಗಳಿದ್ದವು. ಅಜ್ಜನ ಕಣದ ಮೌನ ಅವುಗಳಲ್ಲಿ ಎಲ್ಲಿಯೂ ಇರಲಿಲ್ಲ.

"ಈಗ ಹೇಳ್ರಿ ಅವ್ವಾರ" ಎಂದರು ಶಶಿಕಾಂತ ಸರ್. "ಹೊಂಡ ಬ್ಯಾಡೇನ್ರಿ ನಿಮಗ?"

"ಯಾರ ಬ್ಯಾಡಂದ್ರು? ಹೊಂಡ ಬೇಕ್ರಿ. ಆ ಮೂಲ್ಯಾಗ ಬ್ಯಾಡ."

"ತಗ್ಗ ಅಲ್ಲೇ ಐತಲ್ರಿ. ನೀರು ತಾನ ಹರದ ಬರತಾವ."

"ಬರತಾವ ಖರೇ. ಕೆಳಗಿನ ಉಪ್ಪೂ ಬರತೈತಿ." ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ದನಿ ಇಳಿಯಿತು. "ನನ್ನ ಗಂಡ ಆ ಮೂಲ್ಯಾಗ ಭಾವಿ ತೋಡಿದ್ರಿ. ಎರಡಾಳ ಆಳಕ್ಕ ನೀರ ಬಿತ್ತು. ಎಲ್ಲಾರೂ ಕುಣದ್ರು. ಬಾಯಾಗ ಹಾಕ್ಕೊಂಡ್ರ ಸವುಳು. ತಿಳೀಲಿಲ್ಲ ಅವಗ, ಮೂರ ವರ್ಷ ಅದ ನೀರ ಹೊಲಕ್ಕ ಬಿಟ್ಟ. ಆ ಮೂಲ್ಯಾಗ ಇವತ್ತಿಗೂ ಕಡ್ಲಿ ಏಳಂಗಿಲ್ಲ, ಬೆಳ್ಳಗ ಉಪ್ಪ ಕಾಣತೈತಿ. ಭಾವಿ ಮುಚ್ಚಿಸಿದ್ವಿ. ಈಗ ಅಲ್ಲೇ ತೋಡಿದ್ರ ಮ್ಯಾಲಿನ ಸಿಹಿನೀರೂ ಕೆಡತಾವ. ಇಪ್ಪತ್ತ ಮನಿಯವ್ರು ಆ ನೀರ ಹಾಯಿಸ್ಕೋತಾರ, ಇಪ್ಪತ್ತ ಮನಿ ಹೊಲಾ ಹಾಳಾಗತಾವ. ಆಮ್ಯಾಲ ಮಂದಿ ಇವನ್ನ ಬೈಯಂಗಿಲ್ರಿ. ದುರಗವ್ವ ಗೊತ್ತಿದ್ದೂ ಹೂಂ ಅಂದ್ಲು ಅಂತ ನನ್ನ ಬೈತಾರ. ಕಾಗದದಾಗ ನನ್ನ ಹೆಸರ ಐತಿ."

ಆಫೀಸಿನಲ್ಲಿ ಯಾರೂ ಮಾತಾಡಲಿಲ್ಲ. ಅದಕ್ಕೆ ಯಾವ ವಿಶೇಷಣ ಹಚ್ಚಬೇಕೆಂದು ನನಗೆ ಹೊಳೆಯಲಿಲ್ಲ.

"ಹಂಗಾದ್ರ ಎಲ್ಲಿ ತೆಗೀಬೇಕ್ರಿ?" ಎಂದು ಕೇಳಿದರು ಶಶಿಕಾಂತ ಸರ್.

"ಮ್ಯಾಲಿನ ಬದುವಿನ ಕಡೆ. ಹಳ್ಳಕ್ಕ ಒಂದ ಸಣ್ಣ ಒಡ್ಡ ಹಾಕಿ ತಿರುವಿದ್ರ ನೀರ ಅಲ್ಲೇ ಬರತಾವ. ಅಲ್ಲಿ ಅರ್ಧ ಎಕರೆ ಕೊಡ್ತೇನಿ. ಛಲೋ ಭೂಮಿ ಅದು, ಹೊಟ್ಟಿ ಉರಿತೈತಿ. ಆದ್ರೂ ಕೊಡ್ತೇನಿ."

ಅಷ್ಟರಲ್ಲಿ ಅಸ್ಫಾಕ ಒಳಗೆ ಬಂದು ಅವಳ ಫಾರ್ಮನ್ನು ಕಂಪ್ಯೂಟರಿನಲ್ಲಿ ತೆಗೆದಿದ್ದ. ಅದು ಇಲಾಖೆಗೆ ಹೋಗಿ ಬೀಗ ಬಿದ್ದಿತ್ತು. ಮತ್ತೆ ತೆರೆಯಲು ಕಾರಣ ಕೊಡಬೇಕು. ಕಾರಣಗಳನ್ನು ಕಂಪ್ಯೂಟರೇ ಪಟ್ಟಿ ಮಾಡಿ ಇಟ್ಟಿತ್ತು, ಮೂರೇ ಮೂರು. ಅಸ್ಫಾಕ ಓದಿದ.

"ಒಂದನೇದು, ಭೂಮಾಲೀಕರು ಮರಣ ಹೊಂದಿರುತ್ತಾರೆ."

"ಅದನ್ನ ಒತ್ತು" ಎಂದಳು ದುರಗವ್ವ. "ನಾ ಸತ್ತೇನಿ ಅಂತ ಬರಿ. ಹೊಂಡ ಛಲೋ ಜಾಗಾದಾಗ ಆದ್ರ ಸಾಕು."

"ಹಂಗ ಆಗಂಗಿಲ್ರಿ ಅವ್ವಾರ, ನೀವು ಸತ್ರ ವಾರಸಾ ಆಗಬೇಕು. ಆರ ತಿಂಗಳ ಬೇಕು. ರೇಶನ್ನೂ ಬಂದ್ ಆಕ್ಕತಿ."

"ಹಂಗಾದ್ರ ಬ್ಯಾಡ ಬಿಡು, ಇರತೇನಿ."

"ಎರಡನೇದು, ಸರ್ವೆ ನಂಬರು ತಪ್ಪಾಗಿರುತ್ತದೆ."

"ಅದು ಭೂಮಾಪನದವರ ಕಡೆ ಹೋಗತೈತಿ" ಎಂದರು ಶಶಿಕಾಂತ ಸರ್. ಬಲಗಣ್ಣು ಅದುರತೊಡಗಿತ್ತು. "ಮುಂದಿನ ವರ್ಷದ ಮಾತದು. ಅನುದಾನ ವಾಪಸ್ ಹೋದ್ರ ಎರೆಕೊಪ್ಪಕ್ಕ ಮತ್ತ ಯಾವಾಗ ಬರತೈತೋ. ಮೂರನೇದು?"

ಅಸ್ಫಾಕ ಓದದೆ ನನ್ನ ಕಡೆ ನೋಡಿದ. ನಾನೇ ಬಗ್ಗಿ ಓದಿದೆ. "ಸಮೀಕ್ಷಕರು ಸ್ಥಳಕ್ಕೆ ಭೇಟಿ ನೀಡಿರುವುದಿಲ್ಲ."

ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇನ್ನೂ ಇತ್ತು. ಸಮೀಕ್ಷಕನೇ ಅದನ್ನು ಬರೆದು ಸಹಿ ಮಾಡಿ ಕೊಡಬೇಕು. ಅವನನ್ನು ಕೆಲಸದಿಂದ ತೆಗೆಯಬೇಕು. ಅವನು ತಂದ ಎಲ್ಲ ಫಾರ್ಮುಗಳನ್ನೂ ಬೇರೊಬ್ಬ ಮತ್ತೆ ಹೋಗಿ ಪರಿಶೀಲಿಸಬೇಕು. ಸ್ಥಳಕ್ಕೆ ಹೋಗಿ, ಐದು ನಿಮಿಷ ನಿಂತು, ಎಲ್ಲವನ್ನೂ ತಪ್ಪಾಗಿ ತಿಳಿದು ಬಂದವನಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

"ನಾ ಹೋಗಿದ್ದೆನಲ್ರಿ ಸರ್" ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. "ಮೂರು ಕಿಲೋಮೀಟರು ನಡಕೊಂಡು ಹೋಗಿದ್ದೆ."

"ಹೋಗಿದ್ದ, ಹೋಗಿದ್ದ" ಎಂದಳು ದುರಗವ್ವ. "ಬೂಟಿನ ಗುರತ ಇನ್ನೂ ಐತಿ."

ಒಳಗಿದ್ದದ್ದನ್ನು ಮುಚ್ಚಿಡದೆ ಹೇಳುವುದಾದರೆ, ಕೆಲಸ ಹೋಗುವುದು ನನ್ನನ್ನು ಅಷ್ಟು ಕಾಡಲಿಲ್ಲ. ಕಿಟಕಿ, ಟಾಕಿ, ಡೈರಿ ಮನೆಯಲ್ಲಿ ಕಾಯುತ್ತಿದ್ದವು. ಕಾಡಿದ್ದು ಬೇರೆ. ಚಹಾದಂಗಡಿಯಲ್ಲಿ ತುಂಬಿದ ಇಪ್ಪತ್ತು ಫಾರ್ಮುಗಳಲ್ಲಿ ನಾನು ಸ್ಥಳ ನೋಡಿದ್ದೇನೆ ಎಂಬ ಸಹಿ ಭದ್ರವಾಗಿತ್ತು. ಬಿಸಿಲಲ್ಲಿ ನಡೆದುಹೋದ ಒಂದು ಹೊಲಕ್ಕೆ ಮಾತ್ರ ಹೋಗಿಲ್ಲವೆಂದು ಬರೆದುಕೊಡಬೇಕು. ಇಡೀ ಕೆಲಸದಲ್ಲಿ ನನಗೆ ಹೆಮ್ಮೆಯಿದ್ದದ್ದು ಆ ನಡಿಗೆಯೊಂದರ ಬಗ್ಗೆ. ಅದರ ಬಗ್ಗೆ ಡೈರಿಯಲ್ಲಿ ನಾಲ್ಕು ಪುಟ ಬರೆದಿದ್ದೆ.

ಶಶಿಕಾಂತ ಸರ್ ಒತ್ತಾಯ ಮಾಡಲಿಲ್ಲ. ಕಾಗದ ಮತ್ತು ಪೆನ್ನನ್ನು ಮೇಜಿನ ಮೇಲಿಟ್ಟು, "ವಿಚಾರ ಮಾಡು, ಆದ್ರ ನಿನ್ನ ಪದ್ಧತೀಲೆ ಮಾಡಬ್ಯಾಡ, ಸೋಮವಾರ ಜೆಸಿಬಿ ಹೋಗತೈತಿ" ಎಂದರು.

"ಸೋಮವಾರ ನಮ್ಮೂರಾಗ ಎತ್ತ ಹೂಡಂಗಿಲ್ರಿ, ಬಸವಣ್ಣನ ವಾರ" ಎಂದಳು ದುರಗವ್ವ.

"ಜೆಸಿಬಿಗೆ ವಾರ ಇಲ್ರಿ ಅವ್ವಾರ."

ಅವಳು ನನ್ನ ಕಡೆ ನೋಡಲಿಲ್ಲ. ನೋಟೀಸನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದಳು. ಓದಲು ಬಾರದ ಕಾಗದದಲ್ಲಿ ತನ್ನ ಹೆಸರು ಎಲ್ಲಿದೆ ಎಂದು ಉಳವಪ್ಪನನ್ನು ಕೇಳಿಕೊಂಡಿರಬೇಕು. ಆ ಜಾಗವನ್ನು ಹೆಬ್ಬೆರಳಿಂದ ಉಜ್ಜಿ ಉಜ್ಜಿ ಅಕ್ಷರ ಮಸುಕಾಗಿತ್ತು.

ನಾನು ಬರೆದೆ. "ಎರೆಕೊಪ್ಪ ಗ್ರಾಮದ ದುರಗವ್ವ ಇವರ ಜಮೀನಿಗೆ ನಾನು ಭೇಟಿ ನೀಡಿರುವುದಿಲ್ಲ." ಒಂದೇ ಸಾಲು. ಸಹಿ ಮಾಡಿದೆ. ನಾನು ಬರೆದದ್ದರಲ್ಲಿ ಅತಿ ಚಿಕ್ಕದು ಅದೇ. ಯಾರದಾದರೂ ಕೆಲಸಕ್ಕೆ ಬಂದದ್ದೂ ಬಹುಶಃ ಅದೊಂದೇ.

"ಇಪ್ಪತ್ತ ಕಡೆ ಹೋಗದ ಹೋಗೇನಿ ಅಂದಿ" ಎಂದು ಅಸ್ಫಾಕ ಕಿವಿಯಲ್ಲಿ ಹೇಳಿದ. ಚಹಾದಂಗಡಿಯ ವಿಷಯ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. "ಹೋದ ಕಡೆ ಹೋಗಿಲ್ಲ ಅಂದಿ. ನಿನ್ನ ತತ್ವಶಾಸ್ತ್ರ ಈಗ ತಿಳೀತ ನೋಡಣ್ಣ ನನಗ."

ದುರಗವ್ವ ಎದ್ದಳು. ಕೃತಜ್ಞತೆಯ ಒಂದು ನೋಟವನ್ನು ನಾನು ನಿರೀಕ್ಷಿಸಿದ್ದು ಸುಳ್ಳಲ್ಲ. ಅವಳು, "ಮುಂದ ಯಾರ ಬರತೀರಿ? ಕಣದ ಹೊರಗ ಚಪ್ಲಿ ಬಿಡಾಕ ಹೇಳ್ರಿ ಅವರಿಗೆ" ಎಂದು ಹೇಳಿ ಬಸ್ಸಿಗೆ ಹೊರಟಳು.

ಹೊಸ ಸಮೀಕ್ಷಕ ಅಸ್ಫಾಕನೇ ಆದ. ಮರುದಿನ ಅವನು ಬೈಕಿನಲ್ಲಿ ಎರೆಕೊಪ್ಪಕ್ಕೆ ಹೋಗಿ, ಹದಿನೇಳನೇ ಪ್ರಶ್ನೆ ಕೇಳಿ, ಒಂದೂಕಾಲು ಗಂಟೆ ಉತ್ತರ ಕೇಳಿಸಿಕೊಂಡು ಬಂದ. ಎರಡು ಸಾಲು ಸಾಲದೆ ಹಾಳೆಯ ಹಿಂದೆಯೂ ಬರೆದಿದ್ದ. ಶಶಿಕಾಂತ ಸರ್ ಶನಿವಾರ ತಾವೇ ಹೋಗಿ ಮೇಲಿನ ಬದುವಿನ ಮಟ್ಟ ನೋಡಿ, ಮುದುಕಿ ಹೇಳಿದ್ದು ಸರಿಯಿದೆ ಎಂದು ಗೊಣಗುತ್ತ ಒಪ್ಪಿದರು. ಅದೇ ಸರ್ವೆ ನಂಬರಿನೊಳಗೆ ಜಾಗ ಬದಲಿಸಲು ಇಲಾಖೆಯ ಒಪ್ಪಿಗೆ ಬರುವಷ್ಟರಲ್ಲಿ ಮಾರ್ಚ್ ಇಪ್ಪತ್ತಾರು. ನನ್ನ ಉಳಿದ ಫಾರ್ಮುಗಳ ಹಿಂದೆ ಬೇರೆ ಇಬ್ಬರು ಓಡಾಡುತ್ತಿದ್ದರು. ದಣಿದ ಮೌನದವನು ಅವರಿಗೆ ಸಿಕ್ಕು, ತನಗೆ ಹೊಂಡವೇ ಬೇಡವೆಂದು ಹೇಳಿದನಂತೆ.

ನಾನು ಮತ್ತೆ ಕಿಟಕಿಯ ಬಳಿ ಇದ್ದೆ. ಇಪ್ಪತ್ತೆಂಟರ ಮುಂಜಾನೆ ಅಸ್ಫಾಕ ಬೈಕು ತಂದು ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದ. "ಬಾರಣ್ಣ. ಹೊಂಡ ತೆಗಿಯಾಕತ್ತಾರ. ದುರಗವ್ವ ಆ ಗಡ್ಡದಾವನ್ನೂ ಕರ್ಕೊಂಡ ಬಾ ಅಂದಾಳ."

"ಯಾಕಂತ?"

"ಏನ ಗೊತ್ತು. ಬೈಯೂದು ಉಳದೈತೋ ಏನೋ."

ನಾವು ಹೋಗುವಷ್ಟರಲ್ಲಿ ಜೆಸಿಬಿ ಎಂಟು ಅಡಿ ಇಳಿದಿತ್ತು. ಡ್ರೈವರ್ ಇಕ್ಬಾಲ ಎಂಜಿನ್ ನಿಲ್ಲಿಸಿ ಕ್ಯಾಬಿನ್ನಿನಲ್ಲಿ ಸಿಟ್ಟಿನಿಂದ ಕುಳಿತಿದ್ದ. ಅವನ ಕಾಗದದಲ್ಲಿ ಹತ್ತು ಅಡಿ ಎಂದಿತ್ತು. ದುರಗವ್ವ ಎಂಟಕ್ಕೆ ನಿಲ್ಲಿಸಿದ್ದಳು. ಮಣ್ಣಿನ ಬಣ್ಣ ಬದಲಾಗಿದೆ, ಉಪ್ಪಿದೆಯೋ ಇಲ್ಲವೋ ತಿಳಿಯದೆ ಇನ್ನೊಂದು ಬಕೆಟ್ಟೂ ತೆಗೆಯಬೇಡ ಎಂದು ಹೊಂಡದ ಬಾಯಲ್ಲಿ ಅಡ್ಡ ನಿಂತಿದ್ದಳು. ಹತ್ತಾಗದಿದ್ದರೆ ಹೊಂಡ ಲೆಕ್ಕಕ್ಕೆ ಬರುವುದಿಲ್ಲ. ಹತ್ತಾಗಿ ಉಪ್ಪು ತಾಗಿದರೆ ಹೊಂಡವಾಗಿಯೂ ಪ್ರಯೋಜನವಿಲ್ಲ.

ನಾನು ಬೂಟು ಬಿಚ್ಚಿ ಬದಿಗಿಟ್ಟೆ. ಇದು ಕಣವಲ್ಲ ಎಂದು ಉಳವಪ್ಪ ಹೇಳಿದ, ಆದರೂ ಬಿಚ್ಚಿದೆ. ಮಣ್ಣು ಕಾದಿತ್ತು, ಕುಣಿಯುತ್ತ ನಡೆದೆ.

"ಬಂದ್ಯೇನು? ಬಾ" ಎಂದಳು ದುರಗವ್ವ. ಅವಳ ಅಂಗೈಯಲ್ಲಿ ಹೊಂಡದ ತಳದ ಮಣ್ಣಿನ ಒಂದು ಹೆಂಟೆ ಇತ್ತು. "ಇದನ್ನ ನಾಲಿಗಿ ಮ್ಯಾಲ ಇಟ್ಟ ನೋಡು. ನನ್ನ ನಾಲಿಗಿ ತಂಬಾಕ ತಿಂದು ಸತ್ತೈತಿ. ಉಳವಪ್ಪಂದೂ ಅಷ್ಟ. ಇಕ್ಬಾಲನ ಬಾಯಾಗ ಗುಟ್ಕಾ. ಈ ಹುಡುಗಗ ರೋಜಾ." ಅಸ್ಫಾಕ ಹೌದೆಂದು ತಲೆಯಾಡಿಸಿದ. ರಂಜಾನ್ ಮುಗಿದಿದ್ದರೂ ಅವನು ಇನ್ನೂ ಆರು ದಿನದ ಉಪವಾಸ ಹಿಡಿದಿದ್ದ. "ನಿನಗ ಯಾವ ಚಟಾನೂ ಇದ್ದಂಗ ಕಾಣಂಗಿಲ್ಲ. ಸುಮ್ನ ಕುಂದ್ರೂದೊಂದ ಬಿಟ್ಟು."

ಎಲ್ಲರೂ ನನ್ನನ್ನೇ ನೋಡಿದರು. ನಾನು ಚಿಟಿಕೆ ಮಣ್ಣು ನಾಲಿಗೆಯ ಮೇಲಿಟ್ಟುಕೊಂಡೆ. ಉಪ್ಪು. ಸ್ಪಷ್ಟ ಉಪ್ಪು.

"ಉಪ್ಪೈತ್ರಿ" ಎಂದೆ.

ಅವಳ ಮುಖ ಬಿಳಿಚಿತು. ಇಕ್ಬಾಲ ಕ್ಯಾಬಿನ್ನಿನಿಂದ ಅರ್ಧ ಇಳಿದ. ದುರಗವ್ವ ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. ಮುಂಜಾನೆಯ ಬಿಸಿಲು, ಬೈಕಿನ ದಾರಿ. ಗಡ್ಡದಿಂದ, ಕೈಯಿಂದ ಬೆವರು ಇಳಿಯುತ್ತಿತ್ತು. ಅವಳು ನನ್ನ ಮುಂಗೈ ಹಿಡಿದು ಎಳೆದು, ನೀರಿನ ಕ್ಯಾನಿನಿಂದ ಬೆರಳುಗಳ ಮೇಲೆ ಸುರಿದಳು. ಸೆರಗಿನಿಂದ ಒರೆಸಿದಳು. "ಬಾಯಿ ಮುಕ್ಕಳಿಸು. ಮೀಸಿ ಒರಸ್ಕೋ. ನಿನ್ನ ಬೆವರ ತಿಂದ ಉಪ್ಪಂತಾನ, ಹುಚ್ಚ ಖೋಡಿ! ಈಗ ತಿನ್ನು."

ಎರಡನೇ ಚಿಟಿಕೆ. ಕಣ್ಣು ಮುಚ್ಚಿಕೊಳ್ಳುವ ಆಸೆಯಾಯಿತು, ಮುಚ್ಚಲಿಲ್ಲ. ಮಣ್ಣು ನಾಲಿಗೆಯ ಮೇಲೆ ಕರಗಿ ಅಂಟಿಕೊಂಡಿತು. ಮೂರನೇ ಚಿಟಿಕೆಯನ್ನೂ ಬೇರೆ ಹೆಂಟೆಯಿಂದ ತೆಗೆದು ಹಾಕಿಕೊಂಡೆ. ಅವಸರ ಮಾಡಲಿಲ್ಲ.

"ಸಪ್ಪಗೈತ್ರಿ" ಎಂದೆ.

"ಖರೇನ?"

"ಖರೇ. ಬರೇ ಮಣ್ಣು."

ದುರಗವ್ವ ಹೊಂಡದ ಬಾಯಿಂದ ಪಕ್ಕಕ್ಕೆ ಸರಿದಳು. "ಇಕ್ಬಾಲಾ, ಇನ್ನ ಒಂದ ಅಡಿ ತೆಗಿ. ತೆಗದು ನಿಂದ್ರು. ಇವ ಮತ್ತ ನೋಡತಾನ."

ಎಂಜಿನ್ ಶುರುವಾಯಿತು. ಬಕೆಟ್ಟು ಕೆಳಗಿಳಿಯಿತು. ಉಳವಪ್ಪ ನನ್ನ ಕೈಗೆ ನೀರಿನ ಕ್ಯಾನು ಕೊಟ್ಟು, ಬಿಸಿಲಲ್ಲಿ ನಿಲ್ಲಬೇಡ, ಬೆವರುತ್ತೀ ಎಂದು ಹೇಳಿ ನನ್ನನ್ನು ಜೆಸಿಬಿಯ ನೆರಳಿಗೆ ಸರಿಸಿದ.